ಅಡ್ಡಹೆಸರಿನ ಊರು

ನಮ್ಮ ಕಡೆ ಎಷ್ಟೋ ಮಂದಿಗೆ ಊರಿನ ಹೆಸರೇ ಅಡ್ಡಹೆಸರು. ಆದರೆ ಕಿತ್ತೂರಿನಲ್ಲೇ ಉಳಿದವನನ್ನು ಯಾರೂ ‘ಕಿತ್ತೂರ’ ಎಂದು ಕರೆಯುವುದಿಲ್ಲ. ಊರು ಬಿಟ್ಟು ಹೋಗಿ ಬೇರೆಡೆ ನೆಲೆಸಿದವನಿಗೇ ಆ ಹೆಸರು ಅಂಟಿಕೊಳ್ಳುತ್ತದೆ. ನಾವು ಮೂವರು ಗೆಳೆಯರು. ನಾನು ಸವದತ್ತಿಯವನು. ಸವದತ್ತಿ ಎಂಬ ಅಡ್ಡಹೆಸರಿನವನು ಕಿತ್ತೂರಿನವನು. ರಾಮದುರ್ಗ ಎಂಬುವನು ಹುಟ್ಟಿ ಬೆಳೆದದ್ದು ಬೈಲಹೊಂಗಲದಲ್ಲಿ, ಇಪ್ಪತ್ತು ವರ್ಷದಿಂದ ನೌಕರಿ ಬೆಂಗಳೂರಿನಲ್ಲಿ. ರಾಮದುರ್ಗದ ಮಣ್ಣನ್ನು ಮೆಟ್ಟಿದವನೇ ಅಲ್ಲ. ಕಳೆದ ದೀಪಾವಳಿಗೆ ಬಂದಾಗ ‘ನಿನ್ನ ಹೆಸರಿನ ಊರು ತೋರಸ್ತೇವಿ ನಡಿ’ ಎಂದು ಜೀಪಿನಲ್ಲಿ ಹಾಕಿಕೊಂಡು ಹೊರಟೆವು.

ಕಿತ್ತೂರ ಕೋಟೆಯ ಬಿದ್ದ ಗೋಡೆಗಳ ನಡುವೆಯೇ ಜಗಳ ಶುರುವಾಯಿತು. ‘ಚೆನ್ನಮ್ಮ ನಮ್ಮಾಕಿ’ ಎಂದ ಕಿತ್ತೂರಿನವ.

‘ಹುಟ್ಟಿದ್ದು ಕಾಕತಿಯೊಳಗ, ಮಣ್ಣಾಗಿದ್ದು ಹೊಂಗಲದಾಗ. ನಿಮ್ಮಾಕಿ ಹೆಂಗ ಆದಳೋ?’ ಎಂದೆ.

‘ಸೊಸಿ ನಡಕೊಂಡು ಬಂದ ಮನೀನ ಸೊಸಿ ಮನಿಯಲೇ!’

1824ರಲ್ಲಿ ಕಂಪನಿಯ ಥ್ಯಾಕರೆ ಬಿದ್ದದ್ದು ಕಿತ್ತೂರಿನಲ್ಲಿ, ನಿಜ. ರಾಣಿ 1829ರಲ್ಲಿ ಸೆರೆಯಲ್ಲೇ ಕಣ್ಮುಚ್ಚಿದ್ದು ಬೈಲಹೊಂಗಲದಲ್ಲಿ. ಸಮಾಧಿಯೂ ಅಲ್ಲೇ ಇದೆ. ಅದರ ಮುಂದೆ ನಿಂತಾಗ ಮಾತ್ರ ಮೂವರೂ ಸುಮ್ಮನಿದ್ದೆವು.

ಕಿತ್ತೂರಿನ ಭತ್ತದ ಗದ್ದೆ ದಾಟಿ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಎರಿ ಹೊಲ ಬರುತ್ತದೆ, ಆಮೇಲೆ ಕಲ್ಲುಗುಡ್ಡ. ಮಾತಿಗೆ ಇಂಥ ಗಡಿ ಹಾಕಲು ಬಾರದು. ‘ಬರಾಕತ್ತೇನಿ’, ‘ಬರಾತೇನಿ’, ‘ಬರಲಿಕ್ಕತ್ತೇನಿ’ ಎಂದು ಡ್ರೈವರನೂ ಸೇರಿ ನಮ್ಮ ಜೀಪಿನೊಳಗೇ ಮೂರು ತರ. ಊರಿಗಿಂತ ಹೆಚ್ಚಾಗಿ ಓಣಿ, ಮನೆತನ ನೋಡಿ ಬದಲಾಗುವ ಮಾತಿದು. ಆದರೂ ತನ್ನದೇ ಶುದ್ಧ ಎಂದು ಎಲ್ಲರ ಹಠ. ರಾಮದುರ್ಗ ಮಾತ್ರ ‘ಬರ್ತಾ ಇದೀನಿ’ ಎನ್ನುತ್ತಾನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಬಾಯಿ ತೆರೆದರೆ ಸಾಕು, ಕಚೇರಿಯಲ್ಲಿ ನಗುತ್ತಿದ್ದರಂತೆ. ‘ಹುಬ್ಬಳ್ಳಿಯವರಾ?’ ಎಂದರೆ ಹೌದೆನ್ನಲು ಕಲಿತ. ‘ಸುಳ್ಳೇನಲ್ಲ, ಎಂ.ಕೆ. ಹುಬ್ಬಳ್ಳಿ ನಮ್ಮ ಕಡೇನೇ ಇದೆಯಲ್ಲಾ’ ಎಂಬುದು ಅವನ ಸಮಜಾಯಿಷಿ.

ಹಳೆಯ ಕಾಗದಪತ್ರ ತೆಗೆದರೆ ಇನ್ನೂ ಗೊಂದಲ. ಬೈಲಹೊಂಗಲದಲ್ಲಿ ಕಚೇರಿಯಿದ್ದ ತಾಲ್ಲೂಕಿನ ಹೆಸರು ಸಂಪಗಾವಿ. ನಮ್ಮ ಸವದತ್ತಿಯದು ಪರಸಗಡ. ನನ್ನೂರು ಬಂದಾಗ ನಾನೂ ಬಿಡಲಿಲ್ಲ. ‘ರಟ್ಟರ ರಾಜಧಾನಿ ಮೊದಲ ಇಲ್ಲಿತ್ತು, ಆಮ್ಯಾಲ ವೇಣುಗ್ರಾಮಕ್ಕ ಹೋತು. ಅಂದ್ರ ಬೆಳಗಾವಿಯವರೂ ನಮ್ಮೂರಿಂದ ಎದ್ದು ಹೋದವರ!’ ಆಗ ಸವದತ್ತಿಗೆ ಸುಗಂಧವರ್ತಿ ಎಂದು ಹೆಸರಿತ್ತು ಎಂದೆ. ಯಾರೂ ನಂಬಿದಂತೆ ಕಾಣಲಿಲ್ಲ. ನವಿಲುತೀರ್ಥದ ಹತ್ತಿರ ರೊಟ್ಟಿ, ಎಣಗಾಯಿ ಬಿಚ್ಚಿದೆವು. ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು ಬಂದ ಮಲಪ್ರಭೆ ಇಲ್ಲಿ ಅಣೆಕಟ್ಟಿನ ಹಿಂದೆ ನಿಂತಿದ್ದಾಳೆ; ಮುಂದೆ ರಾಮದುರ್ಗಕ್ಕೂ ಅವಳೇ ಹೊಳೆ.

ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಗೆಳೆಯನ ಮುತ್ತಜ್ಜ ಬೈಲಹೊಂಗಲಕ್ಕೆ ಬಂದದ್ದು ಬರೀ ಊರು ಬದಲಿಸಿದ್ದಲ್ಲ, ರಾಜ್ಯವನ್ನೇ ದಾಟಿದ್ದು. ಪೇಟೆಯ ಚಹಾದಂಗಡಿಯಲ್ಲಿ ಕುಳಿತಿದ್ದ ಅಜ್ಜನನ್ನು ಕೇಳಿದ: ‘ನಮ್ಮ ಅಡ್ಡಹೆಸರು ರಾಮದುರ್ಗ. ಹಳೇ ಮನೆ ಎಲ್ಲಿತ್ತು ಅಂತ ಹುಡುಕ್ತಾ ಇದೀವಿ.’

‘ಇಲ್ಲಿ ಎಲ್ಲಾರೂ ರಾಮದುರ್ಗದವರ ಅದೀವ್ರಿ. ಊರು ಬಿಡೂಕಿಂತ ಮೊದಲಿನ ಅಡ್ಡಹೆಸರ ಹೇಳ್ರಿ.’

ಅದು ಅವನಿಗೆ ಗೊತ್ತಿರಲಿಲ್ಲ.

‘ತಾವು ಬೆಂಗಳೂರ ಕಡೆಯವರೇನ್ರಿ?’ ಎಂದ ಅಜ್ಜ. ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ.

ಅಷ್ಟರಲ್ಲಿ ಅವನ ಮೊಬೈಲು ಸದ್ದು ಮಾಡಿತು. ತಾಯಿ. ‘ಯವ್ವಾ, ರಾಮದುರ್ಗದಾಗ ಅದೇನಿ. ನಮ್ಮ ಮೊದಲಿನ ಅಡ್ಡಹೆಸರ ಏನಬೇ? … ನಿನಗೂ ಗೊತ್ತಿಲ್ಲಾ? … ಹೂಂ, ಚಾ ಕುಡದು ಹೊಂಗಲಕ್ಕ ಬರಾಕತ್ತೇನಿ. ಊಟಕ್ಕ ಕಾಯಬ್ಯಾಡ.’

ಅಜ್ಜ ಅವನ ಮುಖವನ್ನೇ ನೋಡಿದ. ‘ಹೊಂಗಲದವರು ಅಂತ ಮೊದಲ ಹೇಳಬಾರದೇನ್ರಿ!’ ಎಂದು, ಬೆಂಚಿನ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟ.