ಒಂದು ಹನಿ ರಕ್ತ

ನೋವನ್ನು ಹಳಿಯದವರು ಲೋಕದಲ್ಲಿ ವಿರಳರು. ಹಲ್ಲುನೋವಿನ ರಾತ್ರಿಯಲ್ಲಿ ಎಂಥ ವೇದಾಂತಿಯೂ ಅದನ್ನು ಶಪಿಸದೆ ಇರಲಾರನು. ಆದರೆ ನೋವೆಂಬದು ದೇಹವೆಂಬ ಮನೆಯ ಕಾವಲುಗಾರನು. ಅವನು ಕೂಗಿಕೊಳ್ಳುವದು ಕಳ್ಳನ ಸುಳಿವು ಹತ್ತಿದಾಗಲೇ. ಕಾವಲುಗಾರನೇ ನಿದ್ದೆಹೋದ ಮನೆಯ ಪಾಡನ್ನು ಕಂಡವರು ನೋವನ್ನು ಮತ್ತೆಂದೂ ಅಷ್ಟು ಸುಲಭವಾಗಿ ಹಳಿಯಲಾರರು.

ಅಥಣಿಯ ಸೀಮೆಯ ಒಂದು ಹಳ್ಳಿಯಲ್ಲಿ ಹೀಗಾಯಿತು. ಅರವತ್ತು ದಾಟಿದ ರೈತನೊಬ್ಬನು ಸಂಜೆಯ ಹೊತ್ತಿಗೆ ಕಬ್ಬಿನ ಹೊಲದಿಂದ ಮನೆಗೆ ಬಂದನು. ಕಟ್ಟೆಯ ಮೇಲೆ ಕುಳಿತಿದ್ದ ಮೊಮ್ಮಗಳು, "ಅಜ್ಜಾ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದು ಕೇಳಿದಳು. ಅಜ್ಜನು ಕೆಳಗೆ ನೋಡಿಕೊಂಡನು. ಬಲಗಾಲಲ್ಲಿ ಚಪ್ಪಲಿಯಿತ್ತು, ಎಡಗಾಲು ಬರಿದಾಗಿತ್ತು. ಅಥಣಿಯ ಚಪ್ಪಲಿಯೆಂದರೆ ಗಟ್ಟಿ ತೊಗಲಿನದು, ಭಾರವಾದದ್ದು, ನಡೆದರೆ ಸಪ್ಪಳ ಮಾಡುವಂಥದು. ಅದು ಕಾಲಿನಿಂದ ಜಾರಿ ಎಲ್ಲಿ ಬಿದ್ದಿತೆಂಬದು ಅವನಿಗೆ ತಿಳಿದೇ ಇರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಜಾಲಿಯ ಮುಳ್ಳೊಂದು ಮುರಿದು ಕುಳಿತಿತ್ತು, ಅದೂ ತಿಳಿದಿರಲಿಲ್ಲ. ಮನೆಯವರು ಮುಳ್ಳು ಕಿತ್ತು ಅರಿಸಿನ ಹಚ್ಚಿ, ನೋಯುತ್ತಿಲ್ಲವಲ್ಲ ಎಂದು ಸಮಾಧಾನಪಟ್ಟರು. ಆ ಸಮಾಧಾನವೇ ಮುಳುವಾಯಿತು. ಮೂರು ವಾರಗಳ ಮೇಲೆ ಅವನನ್ನು ಮಿರಜಿಗೆ ಒಯ್ದಾಗ ಎರಡು ಬೆರಳುಗಳನ್ನು ತೆಗೆಯದೆ ಗತಿಯಿರಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿ ಎಷ್ಟು ವರ್ಷಗಳಾಗಿದ್ದವೋ ಹೇಳುವವರಿಲ್ಲ. ಹೇಳಬೇಕಾಗಿದ್ದ ನರಗಳೇ ಮೂಕವಾಗಿದ್ದವು.

ಕೃಷ್ಣೆಯ ಎರಡೂ ದಡಗಳಲ್ಲಿ, ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡಗಳ ಕರಿಯ ನೆಲದಲ್ಲಿ, ಕಣ್ಣು ಹಾಯಿಸಿದಷ್ಟೂ ಕಬ್ಬು. ಉಗಾರದ ಕಾರಖಾನೆಯ ಕಡೆಗೆ ಸಾಗುವ ವಾಹನಗಳ ಸಾಲು, ಆಲೆಮನೆಯ ಹೊಗೆ, ಕುದಿಯುವ ಬೆಲ್ಲದ ಕಂಪು, ಇವೇ ಆ ಸೀಮೆಯ ಚಳಿಗಾಲದ ಲಕ್ಷಣಗಳು. ಸಕ್ಕರೆ ಬೆಳೆಯುವ ನಾಡಾದುದರಿಂದಲೇ ಅಲ್ಲಿಗೆ ಸಕ್ಕರೆಯ ರೋಗ ಬಂದಿತೆನ್ನುವದು ಮಾತ್ರ ನ್ಯಾಯವಲ್ಲ. ಅದು ದೇಶವನ್ನೆಲ್ಲ ವ್ಯಾಪಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಗಣನೆಯಂತೆ ಭಾರತದ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ರೋಗದ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗಿಂತ ಹೆಚ್ಚು.

ಹಳೆಯ ವೈದ್ಯರು ಈ ಶತ್ರುವನ್ನು ಅರಿಯದವರಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ, ಇರುವೆಗಳೂ ದುಂಬಿಗಳೂ ರೋಗಿಯ ಮೈಗೂ ಮೂತ್ರಕ್ಕೂ ಮುತ್ತುವದನ್ನು ಹೇಳಿದೆ. ಕೈಕಾಲುಗಳು ಜೋಮುಹಿಡಿಯುವದೂ ಉರಿಯುವದೂ ಅದೇ ಎಣಿಕೆಯಲ್ಲಿ ಸೇರಿವೆ. ಇರುವೆಯನ್ನೇ ಪರೀಕ್ಷಕನನ್ನಾಗಿ ಮಾಡಿಕೊಂಡ ಆ ಬುದ್ಧಿ ಮೆಚ್ಚತಕ್ಕದ್ದೇ. ಆದರೆ ಸಕ್ಕರೆಯು ಮೂತ್ರಕ್ಕೆ ಇಳಿದ ಮೇಲೆಯೇ ಇರುವೆಗೆ ವಾಸನೆ ಹತ್ತುವದು; ಸಾಮಾನ್ಯವಾಗಿ ಅದು ಇಳಿಯುವದು 100 ಮಿಲಿಲೀಟರು ರಕ್ತದಲ್ಲಿ ಸುಮಾರು 180 ಮಿಲಿಗ್ರಾಂ ದಾಟಿದ ಬಳಿಕ. ಉಪವಾಸದ ರಕ್ತದಲ್ಲಿ 126 ಮುಟ್ಟಿತೆಂದರೆ ಇಂದಿನ ವೈದ್ಯರು ರೋಗವೆಂದು ಎಣಿಸುವರು. ಈ ಎರಡು ಅಂಕೆಗಳ ನಡುವಣ ಅವಧಿಯಲ್ಲಿ ಇರುವೆಗೂ ತಿಳಿಯದು, ರೋಗಿಗೂ ತಿಳಿಯದು. ಆದುದರಿಂದ ಇರುವೆಗಿಂತ ಚುರುಕಾದ ಒಂದು ಇಂದ್ರಿಯವು ಬೇಕಾಗಿತ್ತು.

ಅದನ್ನು ನಿರ್ಮಿಸುವ ದಾರಿಯನ್ನು 1962ರಲ್ಲಿ ಅಮೇರಿಕೆಯ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬವರು ತೋರಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವೊಂದುಂಟು. ರಕ್ತದಲ್ಲಿ ನೂರಾರು ಬಗೆಯ ಪದಾರ್ಥಗಳಿದ್ದರೂ ಅದು ಗ್ಲೂಕೋಸನ್ನೇ ಆಯ್ದು ಹಿಡಿಯುವದು. ಹಿಡಿದು, ಆಮ್ಲಜನಕವನ್ನು ವೆಚ್ಚಮಾಡಿ ಅದನ್ನು ಮಾರ್ಪಡಿಸುವದು. ಆಮ್ಲಜನಕವನ್ನು ಅಳೆಯುವ ವಿದ್ಯುತ್ ಸಾಧನವನ್ನು ಕ್ಲಾರ್ಕರು ಮೊದಲೇ ಕಂಡುಹಿಡಿದಿದ್ದರು. ಅದರ ಮುಂದೆ ಈ ಕಿಣ್ವದ ತೆಳುವಾದ ಪದರನ್ನಿಟ್ಟರೆ, ಸಕ್ಕರೆ ಹೆಚ್ಚಿದಷ್ಟೂ ಆಮ್ಲಜನಕವು ಇಳಿಯುವದು. ಆ ಇಳಿತವೇ ಸಕ್ಕರೆಯ ಅಳತೆ. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಅನೇಕ ಪಟ್ಟಿಗಳಲ್ಲಿ ಆಮ್ಲಜನಕದ ಕೆಲಸವನ್ನು ಬೇರೊಂದು ರಾಸಾಯನಿಕವು ಮಾಡುವದು. ಅದು ತಂದುಕೊಡುವ ವಿದ್ಯುತ್ ಪ್ರವಾಹವನ್ನು ಯಂತ್ರವು ಅಂಕೆಯಾಗಿ ತೋರಿಸುವದು. ಮೂಲತತ್ತ್ವವು ಮಾತ್ರ ಅಂದಿನದೇ. ಇಂಥ ಸಾಧನಗಳಿಗೆ ಜೈವಿಕ ಸಂವೇದಕಗಳೆಂದು ಹೆಸರು.

ತರ್ಕಶಾಸ್ತ್ರದ ಪರಿಚಯವಿದ್ದವರಿಗೆ ಇದು ತೀರ ಹೊಸದೆನಿಸಲಾರದು. ಇಂದ್ರಿಯಕ್ಕೂ ವಿಷಯಕ್ಕೂ ಸನ್ನಿಕರ್ಷವಾದಾಗ ಪ್ರತ್ಯಕ್ಷಜ್ಞಾನವು ಹುಟ್ಟುವದೆಂದು ನೈಯಾಯಿಕರ ಮತ. ಕಣ್ಣಿಗೆ ರೂಪ, ಕಿವಿಗೆ ಶಬ್ದ, ನಾಲಿಗೆಗೆ ರಸ. ಒಂದರ ವಿಷಯವನ್ನು ಇನ್ನೊಂದು ಮುಟ್ಟದು. ಹಾಗೆಯೇ ಈ ಕಿಣ್ವಕ್ಕೆ ಗ್ಲೂಕೋಸು.

ಇಂದ್ರಿಯವಿದ್ದರೆ ಸಾಲದು, ವಿಷಯವನ್ನು ಅದರ ಬಾಗಿಲಿಗೆ ತಂದು ನಿಲ್ಲಿಸಬೇಕು. ಪಟ್ಟಿಯ ತುದಿಗೆ ರಕ್ತದ ಹನಿ ತಗಲಿದೊಡನೆ, ಹಣತೆಯ ಬತ್ತಿಗೆ ಎಣ್ಣೆಯೇರುವಂತೆ, ಅದು ತಾನಾಗಿಯೇ ಒಳಗೇರುವದು. ಅದಕ್ಕೆ ಬೇಕಾಗುವ ರಕ್ತವು ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಕೆಲವು ಪಟ್ಟಿಗಳಲ್ಲಿ ಅದಕ್ಕೂ ಕಡಮೆ. ಗಾಜಿನಲ್ಲಿ, ಸಿಲಿಕಾನಿನಲ್ಲಿ, ರಬ್ಬರಿನಂಥ ಮೆತ್ತನೆಯ ವಸ್ತುಗಳಲ್ಲಿ ಕೂದಲೆಳೆಯಷ್ಟು ಸಪೂರಾದ ಕಾಲುವೆಗಳನ್ನು ಮಾಡಿ ದ್ರವಗಳನ್ನು ನಡೆಸುವ ಈ ವಿದ್ಯೆಯೇ ಸೂಕ್ಷ್ಮದ್ರವಶಾಸ್ತ್ರ. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸರ ತಂಡವು 2007ರಲ್ಲಿ ಬರಿಯ ಕಾಗದದ ತುಂಡಿನಲ್ಲಿಯೂ ಇಂಥ ಕಾಲುವೆಗಳನ್ನು ಮಾಡಿ ತೋರಿಸಿತು. ಆ ಸೂಕ್ಷ್ಮ ಲೋಕದಲ್ಲಿ ನೀರಿನ ನಡತೆಯೇ ಬೇರೆ. ಚಿಕ್ಕೋಡಿಯ ಸೀಮೆಯಲ್ಲಿ ದೂಧಗಂಗೆಯು ಕೃಷ್ಣೆಯನ್ನು ಸೇರುವಾಗ ಸುಳಿಗಳೆದ್ದು ಎರಡೂ ಬೆರೆತುಹೋಗುವವು. ಮುಂದೆ ಹೋದ ಮೇಲೆ ಯಾವ ನೀರು ಯಾವ ನದಿಯದೆಂದು ಹೇಳುವದು ಅಸಾಧ್ಯ. ಕೂದಲೆಳೆಯ ಕಾಲುವೆಯಲ್ಲಿ ಎರಡು ದ್ರವಗಳು ಕೂಡಿದರೆ ಸುಳಿಯೇ ಏಳದು. ಅವು ಒಂದೇ ಪಾತ್ರದಲ್ಲಿ ಪಕ್ಕಪಕ್ಕದಲ್ಲಿ ಶಾಂತವಾಗಿ ಹರಿದು, ನಡುವಿನ ಗೆರೆಯಲ್ಲಿ ಮಾತ್ರ ಮೆಲ್ಲಮೆಲ್ಲನೆ ಬೆರೆಯುವವು. ಈ ಶಿಸ್ತಿನಿಂದಲೇ ರಕ್ತಕಣಗಳನ್ನು ಒಂದೊಂದಾಗಿ ಸಾಲುಗೊಳಿಸಿ ಪರೀಕ್ಷಿಸುವದು ಶಕ್ಯವಾಗಿದೆ.

ಒಂದು ಕ್ಷಣದ ಸಕ್ಕರೆಯನ್ನು ತಿಳಿದ ಮಾತ್ರಕ್ಕೆ ರೋಗವು ಪೂರ್ತಿ ತಿಳಿದಂತಾಗಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವ ಹುಡುಗನಂತೆ, ವೈದ್ಯರಲ್ಲಿಗೆ ಹೋಗುವ ಎರಡು ದಿನ ಮೊದಲು ಮಾತ್ರ ಪಥ್ಯ ಹಿಡಿಯುವ ರೋಗಿಗಳೂ ಇರುವರು. ಅವರ ಗುಟ್ಟನ್ನು ಹೊರಗೆಡಹುವ ಲೆಕ್ಕವು ರಕ್ತದಲ್ಲಿಯೇ ಇದೆ. ಕೆಂಪುಕಣದ ಆಯುಷ್ಯವು ಸುಮಾರು 120 ದಿನಗಳು. ಅಷ್ಟು ಕಾಲವೂ ಸಕ್ಕರೆಯು ಅದರೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತ ಹೋಗುವದು. ಹೀಗೆ ಅಂಟಿದ ಪಾಲನ್ನು ಅಳೆದರೆ ಕಳೆದ ಎರಡು ಮೂರು ತಿಂಗಳುಗಳ ನಡತೆಯು ಗೊತ್ತಾಗುವದು. ನೂರಕ್ಕೆ 6.5 ಮುಟ್ಟಿದರೆ ಅದು ಮಧುಮೇಹದ ಗುರುತು. ಆದರೆ ಇದರ ಪರೀಕ್ಷೆಗಾಗಿ ಹಳ್ಳಿಯವರ ರಕ್ತವು ಬೆಳಗಾವಿಗೋ ಮಿರಜಿಗೋ ಪಯಣ ಮಾಡಬೇಕು. ಅದರ ಹಿಂದೆ ರೋಗಿಯ ಒಂದು ದಿನದ ಕೂಲಿಯೂ ಹೋಗುವದು.

ಈ ಪಯಣವನ್ನು ತಪ್ಪಿಸುವ ಪ್ರಯತ್ನವು ಕರ್ನಾಟಕದಲ್ಲಿಯೇ ನಡೆದಿರುವದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ನವಕಾಂತ ಭಟ್ಟರು ಮೈಸೂರು ವಿಶ್ವವಿದ್ಯಾಲಯದ ಪದವೀಧರರು; ಅವರಿಗೆ 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿಯು ದೊರೆಯಿತು. ಅವರೂ ಅವರ ಸಂಗಡಿಗರೂ ಸಂಸ್ಥೆಯಲ್ಲಿ ನಡೆಸಿದ ಸಂಶೋಧನೆಯಿಂದ 2015ರಲ್ಲಿ ಪಾಥ್‌ಶೋಧ್ ಎಂಬ ಉದ್ಯಮವು ಹುಟ್ಟಿಕೊಂಡಿತು. ಅಲ್ಲಿ ರೂಪುಗೊಂಡ ಸಾಧನವು ಅಂಗೈಯಲ್ಲಿ ಹಿಡಿಯುವಂಥದು. ಪಟ್ಟಿಯನ್ನು ಬದಲಿಸಿದಂತೆ ಅದೇ ಸಾಧನವು ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನನ್ನೂ, ರಕ್ತದ ಒಟ್ಟು ಹಿಮೋಗ್ಲೋಬಿನ್ನನ್ನೂ, ಮೂತ್ರಪಿಂಡವು ಕೆಡತೊಡಗಿದಾಗ ಮೂತ್ರದಲ್ಲಿ ಸೋರುವ ಆಲ್ಬುಮಿನ್ನನ್ನೂ ಅಳೆಯುವದು.

ಇವೆಲ್ಲ ಒಂದೇ ಕೈಯಲ್ಲಿರುವದು ಬರಿಯ ಅನುಕೂಲವಲ್ಲ, ಅಗತ್ಯ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಒಬ್ಬ ಹೆಣ್ಣುಮಗಳನ್ನು ನೆನೆಯಿರಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯುಂಟಾದಾಗ ಸಕ್ಕರೆ ಅಂಟಿದ ಪಾಲು ಇದ್ದುದಕ್ಕಿಂತ ಹೆಚ್ಚಾಗಿ ಕಾಣಬಹುದು. ಒಂದನ್ನೇ ಅಳೆದು ತೀರ್ಪು ಕೊಟ್ಟರೆ ಇಲ್ಲದ ರೋಗಕ್ಕೆ ಔಷಧವಾಗುವದು, ಇದ್ದ ರೋಗವು ಹಾಗೆಯೇ ಉಳಿಯುವದು. ಎರಡು ಸಾಕ್ಷಿಗಳನ್ನು ಕೇಳಿದ ನ್ಯಾಯವೇ ನ್ಯಾಯ.

ಇಂದ್ರಿಯವೆಂದ ಮೇಲೆ ಭ್ರಮೆಯೂ ತಪ್ಪದು. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕಣ್ಣು ಮೋಸಹೋಗುವಂತೆ ಈ ಸಂವೇದಕವೂ ಮೋಸಹೋಗುವದು. ಬೆಲ್ಲವನ್ನೋ ಹಣ್ಣನ್ನೋ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ, ಚರ್ಮದ ಮೇಲಿನ ಸಕ್ಕರೆಯನ್ನೇ ರಕ್ತದ್ದೆಂದು ಎಣಿಸಿ ಅದು ಗಾಬರಿಯ ಅಂಕೆಯನ್ನು ತೋರಿಸುವದು. ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಪಟ್ಟಿಯು ಕೆಡುವದು. ಆಲೆಮನೆಯ ನಾಡಿನಲ್ಲಿ ಇವು ಸಣ್ಣ ಮಾತುಗಳಲ್ಲ. ಕೈ ತೊಳೆದು, ಚೆನ್ನಾಗಿ ಒರಸಿಕೊಂಡು ಚುಚ್ಚಬೇಕೆಂಬದು ಯಂತ್ರಕ್ಕೆ ತಿಳಿಯದು; ಅದನ್ನು ಮನುಷ್ಯನೇ ತಿಳಿದಿರಬೇಕು.

ಇಲ್ಲಿ ಶಾಸ್ತ್ರದ ಇನ್ನೊಂದು ಮಾತು ನೆನಪಿಗೆ ಬರುವದು. ಕಣ್ಣು ತೆರೆದಿದ್ದರೂ ಮನಸ್ಸು ಬೇರೆಡೆಗಿದ್ದರೆ ಎದುರಿಗಿದ್ದುದು ಕಾಣದು. ಇಂದ್ರಿಯದೊಡನೆ ಮನಸ್ಸು ಕೂಡಿದಾಗಲೇ ಜ್ಞಾನವು. ಪಂಚೇಂದ್ರಿಯಗಳ ಮೇಲೆ ಆರನೆಯದಾಗಿ ಹಿರಿಯರು ಎಣಿಸಿದ್ದು ಮನಸ್ಸನ್ನೇ. ಅಂಗೈಯ ಯಂತ್ರವು ಎಷ್ಟು ಚುರುಕಾದರೂ ಅದು ತೋರಿಸಿದ ಅಂಕೆಯನ್ನು ಬರೆದಿಡುವವರು, ವೈದ್ಯರಿಗೆ ತಿಳಿಸುವವರು, ತಾಟಿನ ಅನ್ನವನ್ನು ಒಂದು ಹಿಡಿ ಕಡಮೆ ಮಾಡುವವರು ಮನೆಯಲ್ಲಿಲ್ಲದಿದ್ದರೆ ಅದು ಮನಸ್ಸಿಲ್ಲದ ಕಣ್ಣಿನಂತೆಯೇ ಸರಿ.

ಅಥಣಿಯ ಸೀಮೆಯ ಆ ಮನೆಯಲ್ಲಿ ಈಗ ಒಂದು ರೂಢಿ ನಡೆದಿದೆ. ಮುಂಜಾನೆ ಅಜ್ಜನು ಕೈ ತೊಳೆದುಕೊಂಡು ಬೆರಳು ಚುಚ್ಚಿಸಿಕೊಳ್ಳುವನು. ಮೊಮ್ಮಗಳು ಅಂಕೆಯನ್ನು ಶಾಲೆಯ ಹಳೆಯ ವಹಿಯಲ್ಲಿ ಬರೆಯುವಳು. ರಾತ್ರಿ ಊಟವಾದ ಮೇಲೆ ದೀಪ ಹಿಡಿದು ಅವನ ಎರಡೂ ಅಂಗಾಲುಗಳನ್ನು ನೋಡುವಳು. "ನೋಯತದೇನು?" ಎಂದು ಅವಳು ಕೇಳುವದಿಲ್ಲ; ಆ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲವೆಂದು ಅವಳಿಗೆ ಗೊತ್ತು. ಬೆರಳುಗಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆ ದೀಪವನ್ನು ಮತ್ತೆ ಗೂಡಿನಲ್ಲಿಡುವಳು.