ವಡ್ಡಿನ ಅಡಿಗೆಮನೆಯಲ್ಲಿ ಆಲೂಗಡ್ಡೆ

ಹಂಪಿ ನೋಡಲು ಬಂದವರು ಸಾಮಾನ್ಯವಾಗಿ ಹೊಸಪೇಟೆಯಿಂದಲೇ ಊರಿಗೆ ಹಿಂದಿರುಗುತ್ತಾರೆ. ನಾನು ಮಾತ್ರ ಮೇ ತಿಂಗಳ ಉರಿಬಿಸಿಲಿನಲ್ಲಿ ಬಳ್ಳಾರಿ ಬಸ್ಸು ಹತ್ತಿದೆ. ಪಾಪಿನಾಯಕನಹಳ್ಳಿ, ಗಾದಿಗನೂರು ದಾಟಿ ತೋರಣಗಲ್ಲಿನಲ್ಲಿ ಇಳಿದರೆ ಅಲ್ಲಿಂದ ವಡ್ಡು ಹತ್ತಿರ. ಸಂಡೂರು ತಾಲ್ಲೂಕಿನ ಆ ಊರಿಗೆ ನನ್ನ ತಂಗಿಯನ್ನು ಕೊಟ್ಟಿದ್ದೇವೆ.

ಇದು ಜೋಳದ ಸೀಮೆ. ಬೆಳಗಾದರೆ ರೊಟ್ಟಿ ಬಡಿಯುವ ಸದ್ದು ಕೇಳಲೇಬೇಕು. ಆದರೆ 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಎದ್ದ ಮೇಲೆ ಸುತ್ತಿನ ಊರುಗಳ ಚಹರೆಯೇ ಬದಲಾಯಿತು. ಬಿಹಾರ, ಒಡಿಶಾ, ಬಂಗಾಳ ಎಂದು ಎಲ್ಲೆಲ್ಲಿಂದಲೋ ಜನ ಕೆಲಸಕ್ಕೆ ಬಂದರು. ಕಿರಾಣಿ ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಪಕ್ಕದಲ್ಲಿ ಸಾಸಿವೆ ಎಣ್ಣೆಯ ಬಾಟಲಿ, ಬಾಗಿಲಲ್ಲಿ ಆಲೂಗಡ್ಡೆಯ ಚೀಲ!

ಆಲೂಗಡ್ಡೆ ಈ ನೆಲದ್ದಲ್ಲ. ಹಂಪಿಯ ಅರಸರು ಅದರ ರುಚಿಯನ್ನೇ ಕಂಡಿರಲಾರರು ನೋಡಿ! ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಸ್ಪೇನಿನವರು ಪೆರು ದೇಶಕ್ಕೆ ಸೈನ್ಯ ಒಯ್ದದ್ದು 1532ರಲ್ಲಿ. ವಿಜಯನಗರ ಹಾಳಾದದ್ದು 1565ರಲ್ಲಿ. ಗಡ್ಡೆ ನಮ್ಮ ದೇಶಕ್ಕೆ ಬಂದದ್ದು ಆಮೇಲೆ. ಕರಾವಳಿಯವರು ಇಂದಿಗೂ ‘ಬಟಾಟೆ’ ಎನ್ನುವುದು ಪೋರ್ಚುಗೀಸರ ಮಾತಿನ ನೆನಪು. ರಾತ್ರಿ ತಂಪಾಗಿದ್ದರಷ್ಟೇ ನೆಲದಡಿಯ ಕಾಂಡದಲ್ಲಿ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ಅದಕ್ಕೇ ಹಾಸನ, ಚಿಕ್ಕಬಳ್ಳಾಪುರದ ಕಡೆ ಅದಕ್ಕೆ ಹೆಸರು. ಬಳ್ಳಾರಿ ಸೀಮೆಗೆ ಅದು ಲಾರಿಯಲ್ಲೇ ಬರಬೇಕು.

ನಾನು ಹೋದ ವಾರ ತಂಗಿ ಅಗ್ಗಕ್ಕೆ ಸಿಕ್ಕಿತೆಂದು ಐದು ಕಿಲೋ ತಂದು, ಪ್ಲಾಸ್ಟಿಕ್ ಚೀಲದ ಸಮೇತ ಕಿಟಕಿಯ ಕೆಳಗೆ, ಈರುಳ್ಳಿಯ ಮಗ್ಗುಲಲ್ಲೇ ಇಟ್ಟಿದ್ದಳು. ಎಂಟು ದಿನಕ್ಕೆ ಮೊಳಕೆ ಬಂತು, ಸಿಪ್ಪೆ ಹಸಿರಾಯಿತು. “ಸಿಪ್ಪೆ ಹೆರೆದರಾತು ಬಿಡಕ್ಕಾ” ಎಂದು ಪಲ್ಯ ಮಾಡಿಬಿಟ್ಟಳು. ಬಾಯಿಗೆ ಸ್ವಲ್ಪ ಕಹಿ ಅನ್ನಿಸಿತು. ನಾನೂ ಹಾಗಲಕಾಯಿ ತಿಂದವಳ ಹಾಗೆ ಸುಮ್ಮನೆ ನುಂಗಿದೆ. ಅಂದು ರಾತ್ರಿ ಐದು ವರ್ಷದ ಮಗುವಿಗೆ ಹೊಟ್ಟೆನೋವು, ವಾಂತಿಯ ಮೇಲೆ ವಾಂತಿ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. “ಆಲೂಗಡ್ಡೆ ಹಸಿರಾಗಿತ್ತಾ ಅಮ್ಮಾ?” ಎಂದು ಡಾಕ್ಟರು ಕೇಳಿದಾಗ ತಂಗಿಯ ಮುಖದಲ್ಲಿ ರಕ್ತವಿರಲಿಲ್ಲ. ದೇವರ ದಯೆ, ಬೆಳಗಾಗುವುದರೊಳಗೆ ಮಗು ನಕ್ಕಿತು.

ಮನೆಗೆ ಬಂದರೆ ಅವಳ ಅತ್ತೆಯ ಮಾತು ಶುರು. “ನಮ್ಮ ಹೊಲದ ಜೋಳ ತಿಂದು ಬೆಳೆದ ಮನಿ ಇದು. ಹೊಲ ಹೋತು, ಈಗ ಊರೂರಿನ ಗಡ್ಡಿ ತಂದು ಕೂಸಿನ ಜೀವ ತೆಗೀತೀರೇನು?” ಆ ಸಿಟ್ಟು ಬರೀ ಗಡ್ಡೆಯ ಮೇಲಿನದಲ್ಲ ಎಂದು ನನಗೆ ತಿಳಿಯಿತು. ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದ ಬಿಹಾರದ ಸೊಸೆಯೊಡನೆ ಆ ಹಿರಿಯಾಕೆ ಎರಡು ವರ್ಷದಿಂದ ಒಂದು ಮಾತೂ ಆಡಿರಲಿಲ್ಲವಂತೆ.

ಅಂದು ಆ ಸೊಸೆಯೇ ಒಳಗೆ ಬಂದಳು. ಚೀಲವನ್ನು ನೆಲಕ್ಕೆ ಸುರುವಿ ಗಡ್ಡೆ ಆರಿಸತೊಡಗಿದಳು. “ಹಸಿರು ಆಲೂ ಬೇಡ ದೀದಿ, ಮಕ್ಕಳಿಗೆ ಬೇಡ” ಎಂದು ಹಸಿರಾದದ್ದನ್ನೆಲ್ಲ ತಿಪ್ಪೆಗೆ ಹಾಕಿದಳು. ಹಸಿರಾದ, ಮೊಳಕೆ ಬಂದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷದ ಅಂಶ ಹೆಚ್ಚುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಸಣ್ಣ ಮೊಳಕೆಯಿದ್ದು ಗಡ್ಡೆ ಗಟ್ಟಿಯಾಗಿದ್ದರೆ ಕಣ್ಣನ್ನು ಆಳವಾಗಿ ತೆಗೆದು ಬಳಸಬಹುದು. ತುಂಬಾ ಹಸಿರಾಗಿದ್ದರೆ, ಸುಕ್ಕಾಗಿದ್ದರೆ, ಕಹಿಯಾಗಿದ್ದರೆ ಮುಲಾಜಿಲ್ಲದೆ ಎಸೆಯಿರಿ.

ಉಳಿದ ಒಳ್ಳೆಯ ಗಡ್ಡೆಗಳನ್ನು ತೊಳೆಯದೆ ಗೋಣಿಚೀಲಕ್ಕೆ ತುಂಬಿ, ಕತ್ತಲೆ ಮೂಲೆಯಲ್ಲಿ ಗಾಳಿಯಾಡುವ ಹಾಗೆ ಇಟ್ಟಳು. ಈರುಳ್ಳಿ ಬುಟ್ಟಿ ದೂರ ಹೋಯಿತು. ಫ್ರಿಜ್ಜಿನಲ್ಲಿ ಇಡುವವರಿಗೂ ಒಂದು ಮಾತು: ತಂಪಿಗೆ ಗಡ್ಡೆಯ ಹಿಟ್ಟಿನಂಶ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ವಾರಕ್ಕೆ ಬೇಕಾದಷ್ಟೇ ತರುವುದು ಜಾಣತನ.

ಮಧ್ಯಾಹ್ನ ಆಕೆ ಚೋಖಾ ಮಾಡಿಕೊಟ್ಟಳು. ಬೇಯಿಸಿದ ಆಲೂಗಡ್ಡೆ ಹಿಸುಕಿ, ಹೆಚ್ಚಿದ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು, ಮೇಲೆ ಒಂದು ಚಮಚ ಸಾಸಿವೆ ಎಣ್ಣೆ, ಅಷ್ಟೇ. ಅದರ ಘಾಟು ನಮ್ಮ ಮೂಗಿಗೆ ಹೊಸದು. ತಂಗಿ ಪಕ್ಕದಲ್ಲೇ ನಮ್ಮ ಕಡೆಯ ಪಲ್ಯ ಮಾಡಿದಳು. ಅದನ್ನು ಇಲ್ಲಿ ಬರೆಯುತ್ತೇನೆ.

ರೊಟ್ಟಿಗೆ ಆಲೂಗಡ್ಡೆ ಪಲ್ಯ

ಬೇಕಾಗುವ ಸಾಮಾನು: ಆಲೂಗಡ್ಡೆ ಅರ್ಧ ಕಿಲೋ, ಈರುಳ್ಳಿ 2, ಹಸಿಮೆಣಸಿನಕಾಯಿ 5, ಬೆಳ್ಳುಳ್ಳಿ 6 ಎಸಳು, ಗುರೆಳ್ಳು ಪುಡಿ 2 ಚಮಚ, ಎಣ್ಣೆ 3 ಚಮಚ, ಸಾಸಿವೆ, ಜೀರಿಗೆ, ಕರಿಬೇವು, ಅರಿಸಿನ, ಉಪ್ಪು, ಅರ್ಧ ಹೋಳು ನಿಂಬೆಹಣ್ಣು.

ಮಾಡುವ ವಿಧಾನ: ಗಡ್ಡೆಯನ್ನು ಸಿಪ್ಪೆ ಸಮೇತ ತಣ್ಣೀರಿನಲ್ಲಿ ಹಾಕಿ, ಉಪ್ಪು ಸೇರಿಸಿ ಬೇಯಲಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಒಡೆದು ಒಳಗೆ ಹಸಿಯಾಗಿ ಉಳಿಯುತ್ತದೆ. ಬೆಂದ ಕೂಡಲೇ ನೀರು ಬಸಿದು, ಆರಿದ ಮೇಲೆ ಸುಲಿದು ಕೈಯಲ್ಲೇ ಮುರಿಯಿರಿ. ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಮೆಣಸಿನಕಾಯಿ-ಬೆಳ್ಳುಳ್ಳಿ, ಆಮೇಲೆ ಈರುಳ್ಳಿ, ಅರಿಸಿನ. ಈರುಳ್ಳಿ ಬಾಡಿದ ಮೇಲೆ ಆಲೂಗಡ್ಡೆ, ಉಪ್ಪು ಹಾಕಿ ಎರಡು ನಿಮಿಷ ಕೈಯಾಡಿಸಿ. ಕೆಳಗಿಳಿಸಿ ಗುರೆಳ್ಳು ಪುಡಿ ಉದುರಿಸಿ ನಿಂಬೆ ಹಿಂಡಿ.

ಊಟಕ್ಕೆ ಕೂತಾಗ ಅತ್ತೆಯ ತಟ್ಟೆಗೆ ಚೋಖಾ ಬಡಿಸಲು ತಂಗಿಗೆ ಧೈರ್ಯ ಬರಲಿಲ್ಲ. ಆಕೆಯೇ ರೊಟ್ಟಿ ಮುರಿದು ಚೋಖಾದ ಬಟ್ಟಲಿಗೆ ಅದ್ದಿದಳು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಒಂದು ತುತ್ತು, ಎರಡು ತುತ್ತು. ಆಮೇಲೆ ಬಾಗಿಲಲ್ಲೇ ನಿಂತಿದ್ದ ಹುಡುಗಿಯ ಕಡೆ ತಿರುಗಿ, “ಎಣ್ಣಿ ಘಾಟು ಜಾಸ್ತಿ ಆಗೈತಿ. ನಾಳೆ ಶೇಂಗಾ ಎಣ್ಣಿ ಹಾಕಿ ಮಾಡವಾ. ಬಾ, ಕುಂದ್ರು, ರೊಟ್ಟಿ ತಿನ್ನು” ಎಂದಳು.

ಹುಡುಗಿಗೆ ಎಷ್ಟು ಅರ್ಥವಾಯಿತೋ! ಅಂತೂ ನಗುತ್ತಾ ಬಂದು ಕೂತಳು.