ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿ ಸುದ್ದಿ ಕಳಿಸುವವನು ನಾನು. ಇಸ್ಪೀಟು ಅಡ್ಡೆ ಮೇಲೆ ದಾಳಿಯಾದರೆ ಎಷ್ಟು ಮಂದಿ, ಎಷ್ಟು ರೊಕ್ಕ ಅಂತ ನಾಲ್ಕು ಸಾಲು ಬರೆಯುತ್ತೇವೆ. ಎಲೆಗಳ ಲೆಕ್ಕ ಬರೆಯುವುದಿಲ್ಲ.

ರಾಮದುರ್ಗದಲ್ಲಿ ಚಹಾ ಕುಡಿಯುವಾಗ ಹುಡುಗನೊಬ್ಬ ಕೇಳಿದ: "ಅಣ್ಣಾರ, ತೀನ್ ಪತ್ತಿಯೊಳಗ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು. ಪೋಕರ್‌ನ್ಯಾಗ ಉಲ್ಟಾ. ಯಾಕ್ರೀ?"

ಅಪರೂಪಕ್ಕೆ ಬರುವುದು ದೊಡ್ಡದು, ಅದೇ ನಿಯಮ. 52 ಎಲೆಯಲ್ಲಿ ಮೂರನ್ನು 22,100 ಬಗೆಯಲ್ಲಿ ಹಿಡಿಯಬಹುದು. ಅದರಲ್ಲಿ ಬರೀ ಸೀಕ್ವೆನ್ಸ್, ಅಂದರೆ ಸಾಲಾಗಿ ಬಂದದ್ದು, 720. ಒಂದೇ ಜಾತಿಯ ಎಲೆ ಕೂಡಿದ ಬರೀ ಕಲರ್ 1,096. ಪೋಕರಿಗೆ ಐದು ಎಲೆ. ಐದೂ ಒಂದೇ ಜಾತಿ ಕೂಡುವುದು ಕಷ್ಟ: ಕಲರ್ 5,108, ಸೀಕ್ವೆನ್ಸ್ 10,200. ಅಲ್ಲಿ ಕಲರ್ ಮೇಲೇರಿತು.

ಒಂದು ವಿಚಿತ್ರವೂ ಇದೆ. ಮೂರು ಎಕ್ಕ, ಮೂರು ರಾಜನಂಥ ಟ್ರಯಲ್ 52 ಬಗೆ; ಪ್ಯೂರ್ ಸೀಕ್ವೆನ್ಸ್ 48. ಲೆಕ್ಕ ಹಿಡಿದರೆ ಪ್ಯೂರ್ ಮೇಲಿರಬೇಕು. ಆದರೂ ಪಟ್ಟ ಟ್ರಯಲ್‌ಗೆ!

"ನನಗಷ್ಟ ಕೆಟ್ಟ ಎಲಿ ಬರ್ತಾವ್ರಿ," ಅಂದ ಅವನು. ಹತ್ತಿ ಮಾರಿದ ರೊಕ್ಕ ಆಗಲೇ ಅರ್ಧ ಹೋಗಿತ್ತು. ಜೋಡಿಯೂ ಇಲ್ಲದ ಕೈಗಳೇ 16,440. ನೂರಕ್ಕೆ ಸುಮಾರು 74 ಸಲ ಎಲ್ಲರಿಗೂ ಬರುವುದು ಅದೇ. ಆಗ ಗೆಲ್ಲಿಸುವುದು ಹೆಚ್ಚಾಗಿ ಎಲೆಯಲ್ಲ. ಹೆದರದೆ ಇನ್ನಷ್ಟು ಹಚ್ಚುವವನ ಜೇಬು. ಹತ್ತಿ ರೈತನ ಜೇಬು ಎಷ್ಟು ಆಳ?

ರೊಕ್ಕ ಹಚ್ಚುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿತು. ಹೊಲದ ಬದುವಿನ ಮೇಲಿನ ತೀನ್ ಪತ್ತಿಗೆ ಮೊಬೈಲೇ ಬೇಕಿಲ್ಲ.